ಮೊದಲ ಇಂಟರ್ನಲ್ಸಿನ ರಾತ್ರಿ, ಸ್ಪಂದನಳಿಗೆ

ನಲವತ್ತಕ್ಕೆ ಹನ್ನೊಂದು. ನೋಡಿದೆ.
ಹೋದ ವರ್ಷ ಅದೇ ಬೋರ್ಡಿನಲ್ಲಿ
ನನ್ನ ಹೆಸರಿನ ಮುಂದೆ ಒಂಬತ್ತಿತ್ತು.
ಅತ್ತು ಮುಗಿದಿದ್ದರೆ ಮುಖ ತೊಳಿ.
ಹಾಸ್ಟೆಲಿನ ಗೇಟು ಹಾಕಲು ಇನ್ನೂ ಮುಕ್ಕಾಲು ಗಂಟೆ ಇದೆ,
ಮಂಡ್ಯದಲ್ಲಿ ಈ ಹೊತ್ತಿಗೂ ಟೀ ಸಿಗುತ್ತದೆ.

ಸ್ಪಂದನ ಅಂತ ಹೆಸರಿಟ್ಟುಕೊಂಡು
ಹೃದಯದ ಪಾಠಕ್ಕೆ ಹೆದರುತ್ತೀಯಲ್ಲೇ!

ನಿನ್ನ ಪುಸ್ತಕ ತೆಗೆದು ನೋಡಿದೆ, ಬೈಬೇಡ.
ಹಳದಿ, ಗುಲಾಬಿ, ಹಸಿರು.
ಬಣ್ಣ ಹಚ್ಚದ ಸಾಲೇ ಇಲ್ಲ ಅಂದ ಮೇಲೆ
ಹಚ್ಚಿದ್ದು ಯಾಕೆ?
ನಾನೂ ಹೀಗೇ.
ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ,
ಇಲ್ಲಿ ಬಂದಾಗ ಪುಟ ಪುಟವೂ ಗೋಡೆ.
ಗೋಡೆಯನ್ನೇ ಬಾಯಿಪಾಠ ಮಾಡಿದೆ,
ಇಟ್ಟಿಗೆ ಇಟ್ಟಿಗೆಯಾಗಿ.

ನಮ್ಮಪ್ಪ ಪಾಂಡವಪುರದ ಕಡೆ ನೀರುಗಂಟಿ.
ಒಂದು ಭಾನುವಾರ ಊಟಕ್ಕೆ ಕೂತಾಗ ಕೇಳಿದರು,
'ಏನವ್ವಾ ಓದ್ತಾ ಇದೀಯೆ?'
ಹೃದಯದೊಳಗೆ ನಾಲ್ಕು ವಾಲ್ವು ಅಂದೆ. ತೂಬಿನ ಥರ.
ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.
'ತೂಬು ಎತ್ತೋರ್ಯಾರು?'

ಆರು ಪುಟ ನನಗೆ ಕಂಠಪಾಠ.
ಆ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಒಂದು ಸಾಲೂ ಇರಲಿಲ್ಲ.
ಎರಡು ದಿನ ಬೇಕಾಯಿತು ನನಗೆ,
ಫೋನು ಮಾಡಿ ಹೇಳಲು:
ಯಾರೂ ಎತ್ತಲ್ಲ ಅಪ್ಪ. ಈ ಕಡೆ ಒತ್ತಡ ಜಾಸ್ತಿಯಾದರೆ
ತಾನಾಗೇ ತೆರೆಯುತ್ತೆ, ಆ ಕಡೆ ಜಾಸ್ತಿಯಾದರೆ ಮುಚ್ಚುತ್ತೆ.
ಅವರು ನಕ್ಕರು, 'ಹಂಗಾರೆ ನಂಗಲ್ಲಿ ಕೆಲಸ ಇಲ್ಲ ಬುಡು.'

ಓದುವುದು ಅಂದರೆ ಇದು ಅಂತ ಆವತ್ತು ಗೊತ್ತಾಯಿತು.
ಯಾರಿಗಾದರೂ ಹೇಳು. ಅವರು ಕೇಳಿದ್ದಕ್ಕೆ ತಡವರಿಸು.
ತಡವರಿಸಿದ ಜಾಗದಿಂದ ಪುಸ್ತಕ ತೆಗೆ.
ಮೊದಲು ಕನ್ನಡದಲ್ಲಿ ಹೇಳು,
ಇಂಗ್ಲಿಷು ಆಮೇಲೆ ಚಿಲ್ಲರೆ ಹಾಗೆ ಕೈಗೆ ಬರುತ್ತದೆ.

ಎಲ್ಲಕ್ಕೂ ನಾಲೆ ಸಾಲದು, ಹೇಳಿರುತ್ತೇನೆ.
ಕಿಡ್ನಿಗೆ ನಮ್ಮವ್ವ ಬೇಕಾಯಿತು:
ಯುಗಾದಿಗೆ ಮುಂಚೆ ಮನೆ ಸಾಮಾನೆಲ್ಲ ಬೀದಿಗೆ ಹಾಕಿ
ಬೇಕಾದ್ದನ್ನು ಒಂದೊಂದೇ ಒಳಗೆ ತರುತ್ತಾಳಲ್ಲ, ಹಾಗೆ.
ನರದ ಪಾಠಕ್ಕೆ ಇನ್ನೂ ಏನೂ ಸಿಕ್ಕಿಲ್ಲ.
ನಿನಗೆ ಸಿಕ್ಕರೆ ನನಗೂ ಹೇಳು.

ಪ್ರಾಕ್ಟಿಕಲ್ ತಪ್ಪಿಸಬೇಡ.
ಬೆರಳು ಚುಚ್ಚಿಕೊಳ್ಳಲು ನಾನು ಕಣ್ಣು ಮುಚ್ಚಿದಾಗ
ಅಟೆಂಡರ್ ಸಿದ್ದಪ್ಪಾಜಿ ಅಂದಿದ್ದರು,
'ನಿಮ್ ರಕ್ತಕ್ಕೇ ನೀವ್ ಹೆದರ್ಕಂಡ್ರೆ
ಪೇಷಂಟು ಎಲ್ಲಿಗೋಗ್ಬೇಕು ಮೇಡಂ?'
ಮೆಸ್ಸಿನ ನಿಂಗರಾಜಮ್ಮನ ಬಿಪಿ ನೋಡು,
ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ.
ಬಯ್ಯುತ್ತಾಳೆ, ಆದರೂ ಕೈ ಕೊಡುತ್ತಾಳೆ.

ನಿದ್ದೆ ಮಾಡು. ಮೂರು ರಾತ್ರಿ ಎಚ್ಚರವಿದ್ದು ನಾನು
ಹೃದಯದ ಪ್ರಶ್ನೆಗೆ ಶ್ವಾಸಕೋಶದ ಉತ್ತರ ಬರೆದವಳು,
ಅದೂ ಚಿತ್ರ ಸಮೇತ.

ಆಮೇಲೆ ವೈವಾ.
ಮೆಹರುನ್ನೀಸಾ ಮೇಡಂ ಪುಸ್ತಕದ್ದು ಏನೂ ಕೇಳಲಿಲ್ಲ.
'ಕೂತಿದ್ದವಳು ಈಗ ಎದ್ದು ನಿಂತೆ. ತಲೆ ಯಾಕೆ ಸುತ್ತಲಿಲ್ಲ?'
ಫ್ಯಾನಿನ ಸದ್ದು.
ನೀರು ತಗ್ಗಿಗೆ ಹರಿಯುತ್ತೆ ಅಂತ ಶುರುಮಾಡಿದೆ.
ರಕ್ತ ಕಾಲಿಗೆ ಇಳಿಯಿತು. ಮೇಲೆ ಒತ್ತಡ ಕಡಿಮೆಯಾಯಿತು.
ಕುತ್ತಿಗೆಯ ರಕ್ತನಾಳದಲ್ಲಿ ಒಬ್ಬ ಕಾವಲು ಕೂತಿದ್ದಾನೆ,
ಅವನು ಕಂಡ, ಮೇಲಕ್ಕೆ ಸುದ್ದಿ ಕಳಿಸಿದ,
ಹೃದಯ ಜೋರಾಯಿತು, ಕೆಳಗಿನ ಕಾಲುವೆ ಬಿಗಿಯಾಯಿತು.

ಮೇಡಂ ಕನ್ನಡಕ ತೆಗೆದರು. 'ಕಾಲುವೆ?' ಅಂದರು.
ಬೇರೇನೂ ಅನ್ನಲಿಲ್ಲ. ಬರೆದುಕೊಂಡರು.

ಹೊರಗೆ ಬಂದು ಮೆಟ್ಟಿಲ ಮೇಲೇ ಫೋನು ಮಾಡಿದೆ.
ಅಪ್ಪ, ನಿನಗೂ ಒಂದು ಕೆಲಸ ಇದೆ ಒಳಗೆ.
'ಎಲ್ಲಿ?' ಕುತ್ತಿಗೇಲಿ.
ಸ್ವಲ್ಪ ಹೊತ್ತು ಬರೀ ನೀರಿನ ಸದ್ದು.
'ರಾತ್ರಿ ಪಾಳಿನಾ?' ಅಂತ ಕೇಳಿದರು.

ಏಳು ಈಗ. ಮೆಲ್ಲಗೆ.
ಎದ್ದಾಗ ಒಳಗೆ ಏನೇನಾಯಿತು,
ಟೀ ಅಂಗಡಿ ಬರುವಷ್ಟರಲ್ಲಿ ಹೇಳು.
ನಾನು ಮಧ್ಯೆ ಮಧ್ಯೆ ಯಾಕೆ ಯಾಕೆ ಅಂತೀನಿ,
ಸಿಟ್ಟಾಗಬೇಡ.