ಗುಂಡಿ

ಮೊರ್‌ಕಾಮ್ ಮಾರ್ಕೆಟ್ಟಿನಲ್ಲಿ, ಮೀನಿನಂಗಡಿಯ ಬೆನ್ನಿಗೆ
ನನ್ನದು ನಾಲ್ಕಡಿ ಮೇಜು, ಒಂದು ಭೂತಗನ್ನಡಿ,
ಸ್ಕ್ರೂ ಚೆಲ್ಲದ ಹಾಗೆ ನಾಲ್ಕು ಗುಂಡಿಯ ಇಡ್ಲಿ ತಟ್ಟೆ.
ಡೋರೀನ್ ಥ್ರೆಲ್‌ಫಾಲ್ ಬಂದದ್ದು ಮಂಗಳವಾರ,
ದಿಂಬಿನ ಚೀಲದಲ್ಲಿ ಲ್ಯಾಪ್‌ಟಾಪು ಸುತ್ತಿಕೊಂಡು.

"ಎಲ್ಲರೂ ಕಳ್ಳರಾಗಿದ್ದಾರೆ," ಅಂದಳು.
"ಬ್ಯಾಂಕು ಕಳ್ಳ, ಲೈಬ್ರರಿ ಕಳ್ಳ, ಹವಾಮಾನ ಹೇಳುವವನೂ ಕಳ್ಳ.
ಕೊನೆಗೆ ಉಬ್ಬರದ ವೇಳೆಯಾದರೂ ನೋಡೋಣವೆಂದರೆ
ಸಮುದ್ರವನ್ನೂ ನಂಬಬೇಡ ಅನ್ನುತ್ತದೆ ಇದು."

ತೆರೆದೆ. ಹೌದು.
ಕೆಂಪು ತ್ರಿಕೋನ, ಮೈಮೇಲೆ ಗೀಟು ಬಿದ್ದ ಬೀಗ,
ನಿಮ್ಮ ಸಂಪರ್ಕ ಖಾಸಗಿಯಲ್ಲ.
ಹಿಂದಿರುಗಲು ದೊಡ್ಡ ನೀಲಿ ಗುಂಡಿ;
ಮುಂದೆ ಹೋಗುವ ದಾರಿ ಮಾತ್ರ
ಎಲ್ಲೋ ಕೆಳಗೆ, ಬೂದು ಅಕ್ಷರದಲ್ಲಿ,
ಹಿಂಬಾಗಿಲು ಇದೆಯೆಂದು ಯಾರೋ ಪಿಸುಗುಟ್ಟಿದ ಹಾಗೆ.

"ಎಷ್ಟು ಸಲ ಒತ್ತಿದಿರಿ ಅದನ್ನು?"
ಅವಳು ಮೀನಿನಂಗಡಿ ಕಡೆ ನೋಡಿದಳು.
"ಮೊದಮೊದಲು ಭಯವಿತ್ತು. ಆಮೇಲೆ
ಕಾಲೊರಸು ಇದ್ದ ಹಾಗೆ, ದಾಟಿದರಾಯಿತು."

ನಾನು ಬೈಯಲಿಲ್ಲ. ನನ್ನದೂ ಒಂದಿದೆ:
ಪ್ರೆಸ್ಟನ್ ಸ್ಟೇಷನ್ನು, ಪುಕ್ಕಟೆ ವೈಫೈ, ರೈಲಿಗೆ ಮೂರೇ ನಿಮಿಷ.
ಎಷ್ಟು ಪೌಂಡು ಹೋಯಿತೆಂದು ಇಲ್ಲಿ ಬರೆಯುವುದಿಲ್ಲ.
ಕಂಪ್ಯೂಟರು ರಿಪೇರಿ ಮಾಡುವವ, ನೋಡಿ, ನಾನು.

ಕೆದಕುತ್ತಾ ಹೋದೆ. ಇವನಿಗೆ ಅವನು ಜಾಮೀನು,
ಅವನಿಗೆ ಮೇಲಿನವನು, ಆ ಮೇಲಿನವನ ಗುರುತನ್ನು
ಬ್ರೌಸರು ಮೊದಲೇ ಹೊಟ್ಟೆಯಲ್ಲಿಟ್ಟುಕೊಂಡಿದೆ.
ಮುದ್ರೆ ಒಡೆದಿಲ್ಲ. ಹೆಸರು ತಪ್ಪಿಲ್ಲ.
ಹೋದ ತಿಂಗಳು ಬರೆದ ಪತ್ರ, ಇನ್ನೂ ಎರಡು ತಿಂಗಳ ಆಯಸ್ಸು.

ಆಗ ಕಣ್ಣು ಬಿತ್ತು ಬಲಗಡೆ ಮೂಲೆಗೆ:
ಜನವರಿ ಒಂದು, ಎರಡು ಸಾವಿರದ ಹದಿನೈದು.
ನಡುರಾತ್ರಿ ಕಳೆದು ಇಪ್ಪತ್ತು ನಿಮಿಷ.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ.
ಇದೂ ಹಾಗೆಯೇ, ಅಂದುಕೊಂಡೆ; ಆಮೇಲೆ ಪಾಪ ಅನ್ನಿಸಿತು.
ಇನ್ನೂ ಹುಟ್ಟದವರೆಲ್ಲ ಸಾಲಾಗಿ ಬಂದು
ನಾನು ಬ್ಯಾಂಕು, ನಾನು ಲೈಬ್ರರಿ ಎಂದು ಬಾಗಿಲು ಬಡಿದರೆ
ಯಾವ ಕಾವಲುಗಾರ ಚಿಲಕ ತೆಗೆದಾನು?
ತನಗೆ ಗೊತ್ತಿದ್ದ ಹೊತ್ತಿಗೆ ಅದು ನಿಯತ್ತಾಗಿತ್ತು.

ತಳ ಬಿಚ್ಚಿದೆ. ಕೋಟಿನ ಗುಂಡಿಯಷ್ಟು ಸೆಲ್ಲು, ಸತ್ತಿತ್ತು.
ಹೊಸದಕ್ಕೆ ಒಂದೂವರೆ ಪೌಂಡು.
ಗಡಿಯಾರ ತಿದ್ದಿದೆ;
ಒಬ್ಬೊಬ್ಬರಾಗಿ ಎಲ್ಲರೂ ಸಭ್ಯರಾದರು.

"ಹಾಗಾದರೆ ನಾನು ದಾಟಿದ್ದರಿಂದ ತೊಂದರೆಯೇನಿಲ್ಲ," ಅಂದಳು.
ತಕ್ಷಣ ಉತ್ತರ ಹೊಳೆಯಲಿಲ್ಲ.
"ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ," ಅಂದೆ. "ಇವತ್ತೇ.
ಅಷ್ಟು ಸಲ ಸುಳ್ಳೇ ಕೂಗಿದ ನಡುವೆ
ಒಂದು ಸಲ ನಿಜ ಕೂಗಿದ್ದರೂ ನಿಮಗೆ ಕೇಳುತ್ತಿರಲಿಲ್ಲ."

ಅವಳ ಅಪ್ಪ ಸಿಗಡಿ ಹಿಡಿಯುತ್ತಿದ್ದವನಂತೆ, ಕುದುರೆ ಗಾಡಿಯಲ್ಲಿ.
ದಂಡೆಯಲ್ಲಿ ಹಲಗೆ ಇದೆಯಲ್ಲ, ಕುಸಿಯುವ ಮರಳು, ದಾಟಬೇಡಿ;
ಅಪ್ಪ ದಿನಾ ಅದನ್ನು ದಾಟಿಯೇ ಹೋಗುತ್ತಿದ್ದ.
"ಓದದೆ ಅಲ್ಲ," ಅಂದಳು. "ದಿನಾ ನಿಂತು,
ಕೋಲು ಊರಿ,
ಗುಂಡಿ ಇವತ್ತು ಎಲ್ಲಿಗೆ ಸರಿದಿದೆ ನೋಡಿಕೊಂಡು."

ದುಡ್ಡು ಎಣಿಸಿದಳು, ಎಲ್ಲ ಚಿಲ್ಲರೆ.
ಪರದೆಯ ಮೇಲೆ ಉಬ್ಬರದ ಪಟ್ಟಿ ತೆರೆದಿತ್ತು:
ನಾಲ್ಕು ಹನ್ನೆರಡಕ್ಕೆ, ಒಂಬತ್ತೂವರೆ ಮೀಟರು.
ಬೀಗ ಇದೆಯೇ ಎಂದು ನಾನು ನೋಡಿದೆ.
ಅವಳು ನೋಡಿದ್ದು ಬಾಗಿಲಾಚೆ, ನೀರು
ಹೇಳಿದ ಹೊತ್ತಿಗೆ ಬರುತ್ತಿದೆಯೇ ಎಂದು.