ಇಲ್ಲದ ಚುಕ್ಕಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ, ಎರಡನೆಯ ಅಡ್ಡರಸ್ತೆಯಲ್ಲಿ
ನನ್ನ ಅಂಗಡಿ. ಬೋರ್ಡಿಲ್ಲ. ಬೋರ್ಡು ಮಾಡುವುದೇ ಕೆಲಸ.
ರೇಷ್ಮೆ ಬಿಚ್ಚುವ ಬೇಸಿನ್ನಿಗೆ ನೀರಿನ ಕಾವು ಕಾಯುವ ಡಬ್ಬಿ,
ಒಳಗೆ ಉಗುರಿನಷ್ಟು ಚಿಪ್ಪು,
ಅದರೊಳಗೆ ನನ್ನ ಎರಡು ವರ್ಷ.

ಪರದೆ ಅಗ್ಗದ್ದು. ಕನ್ನಡ ಬಾರದು ಅದಕ್ಕೆ.
ಎಂಟೇ ಎಂಟು ಅಕ್ಷರ ನೀನೇ ಬರೆದುಕೋ ಅನ್ನುತ್ತದೆ,
ಅಡ್ಡ ಐದು, ಉದ್ದ ಎಂಟು ಚುಕ್ಕಿಯ ಮನೆಯಲ್ಲಿ.
ರಂಗೋಲಿಯವಳಿಗೆ ಹೇಳಿಕೊಡಬೇಕೆ?
'ನೀರು ಕಾದಿದೆ' ಎಂದು ಬರೆದೆ, ರಾತ್ರಿ ಎರಡಕ್ಕೆ,
'ರು'ವಿನ ಕೊಂಬಿನ ತುದಿಗೆ ಒಂದು ಚುಕ್ಕಿ ಇಡಲು ಮರೆತೆ.
ಬೀಗ ಹಾಕುವುದನ್ನೂ.
ಈ ಗಲ್ಲಿಗೆ ಯಾರು ಬರುತ್ತಾರೆ ಅಂದುಕೊಂಡಿದ್ದೆ.

ಮರುವರ್ಷ ಬಷೀರುನ್ನೀಸಾ ರಿಪೇರಿಗೆ ತಂದ ಡಬ್ಬಿ
ನನ್ನದಲ್ಲ. ಬೇರೆ ಬಣ್ಣ, ಬೇರೆ ಹೆಸರು, ಅರ್ಧ ಬೆಲೆ.
ಕರೆಂಟು ಕೊಟ್ಟೆ. ನೀರು ಕಾದಿದೆ ಅಂದಿತು.
ಕೊಂಬು ಮುರಿದಿತ್ತು.

ಸುಮ್ಮನೆ ನೋಡುತ್ತಾ ಕೂತೆ,
ಯಾರದೋ ಮಗುವಿನ ಕೆನ್ನೆಯಲ್ಲಿ ನನ್ನ ಮಚ್ಚೆ ಕಂಡ ಹಾಗೆ.

ಚಿಕ್ಕಬಳ್ಳಾಪುರದ ವಕೀಲರು ಕನ್ನಡಕ ಒರೆಸಿದರು:
"ಕದ್ದದ್ದಕ್ಕೆ ಸಾಕ್ಷಿ?"
"ಇಲ್ಲಿ ಇಲ್ಲದ ಚುಕ್ಕಿ ಅಲ್ಲೂ ಇಲ್ಲ, ಸಾರ್."
"ಇಲ್ಲದ್ದನ್ನು ಜಡ್ಜಿಗೆ ಹೇಗಮ್ಮ ತೋರಿಸಲಿ?"
ಫೀಸು ಮಾತ್ರ ಇತ್ತು.

ಎರಡನೆಯ ಸಲ ಬೀಗ ಹಾಕಿದೆ.
ಬೀಗವೆಂದರೆ ಒಂದು ಬಿಟ್ ತಿರುವಿಹಾಕುವುದು, ಅಷ್ಟೆ.
ಓದಲು ಬಂದವರಿಗೆ ಚಿಪ್ಪು ಎಫ್ ಎಫ್ ಎಫ್ ಎಂದು ಉಸುರುತ್ತದೆ;
ಒಡೆಯಲು ಬಂದರೆ ಮೊದಲು ತನ್ನನ್ನೇ ಅಳಿಸಿಕೊಳ್ಳುತ್ತದೆ.
"ಗೂಡು ಬಿಚ್ಚಕ್ಕೋದ್ರೆ ಹುಳ ಸತ್ತಂಗೆ," ಅಂದಳು ಬಷೀರುನ್ನೀಸಾ,
ಬಿಸಿನೀರಲ್ಲಿ ಎಳೆಯ ತುದಿ ಹುಡುಕುತ್ತಾ.
ಅಲ್ಲ, ಅಂದೆ. ಇಲ್ಲಿ ನೂಲೂ ಸಿಗುವುದಿಲ್ಲ.

ಆಮೇಲೆ ರಾಮನಗರದವನೊಬ್ಬ ಲೈಸೆನ್ಸು ಕೇಳಿ ಬಂದ.
ಡಬ್ಬಿಗೆ ನಲವತ್ತು ರೂಪಾಯಿ, ಚಿಪ್ಪಿನ ನಂಬರಿನ ಲೆಕ್ಕ,
ಛಾಪಾ ಕಾಗದದ ಮೇಲೆ ನನ್ನ ಹೆಸರು, ಪೂರ್ತಿ, ಇನಿಷಿಯಲ್ ಸಮೇತ.
ಆ ಸಂಭ್ರಮಕ್ಕೆ ಕೊಂಬಿಗೆ ಚುಕ್ಕಿ ಇಟ್ಟೆ.

ಮೂರೇ ವಾರ. ಮಾಲು ವಾಪಸ್ಸು.
"ಡೂಪ್ಲಿಕೇಟ್ ಕಳಿಸಿದ್ದೀರಿ," ಫೋನಿನಲ್ಲಿ ಗದರಿಕೆ,
"ಒರಿಜಿನಲ್ಲಿಗೆ ಕೊಂಬು ಮುರಿದಿರುತ್ತೆ. ನಮಗೆ ಗೊತ್ತಿಲ್ವಾ?"

ನಕ್ಕೆನೋ, ಏನೋ. ಚಹಾ ಆರಿತ್ತು.
ಚುಕ್ಕಿ ತೆಗೆದೆ. ಒಂದಿದ್ದಲ್ಲಿ ಸೊನ್ನೆ.
ಮತ್ತೆ ಬೀಗ ಹಾಕಿ, ಮಲಗುವ ಮುಂಚೆ ಅಮ್ಮ ಮಾಡುತ್ತಿದ್ದಂತೆ
ಎರಡು ಸಲ ಜಗ್ಗಿ ನೋಡಿದೆ.
ಎಫ್ ಎಫ್ ಎಫ್.
ಒಳಗೆ ಭದ್ರವಾಗಿದೆ
ನಾನು ಇಡದ ಆ ಒಂದು ಚುಕ್ಕಿ.