ಸೊನ್ನೆಯ ಮರ

ಅಮ್ಮತ್ತಿ ಬಳಿಯ ತೋಟದಲ್ಲಿ ನಾನು ರೈಟರ್.
ಕತೆ ಕವಿತೆ ಬರೆಯುವ ರೈಟರಲ್ಲ;
ಹಾಜರಿ ಬರೆಯುತ್ತೇನೆ, ಕೇಜಿ ಬರೆಯುತ್ತೇನೆ,
ಚೀಲದ ತೂಕ ಕಳೆದು
ಸಾಹುಕಾರರಿಗೆ ಗ್ರಾಂ ಉಳಿಸುತ್ತೇನೆ.

ಪೈಥಾನ್ ಕಲಿತದ್ದು ರಾತ್ರಿ,
ಪಲ್ಪರ್ ಮನೆಯ ಹಿಂದೆ. ನೀರಿನ ಟ್ಯಾಂಕು ಹತ್ತಿ ಕೂತರೆ
ಎರಡು ಕಡ್ಡಿ ಸಿಗ್ನಲ್.
ಯಾರೋ ಪುಣ್ಯಾತ್ಮರು, ಮುಖ ತೋರಿಸದವರು,
ಬರೀ ಕರ್ಸರ್ ಓಡಿಸಿ ಹೇಳಿಕೊಟ್ಟರು.
ಒಬ್ಬನ ಬೆನ್ನಿಗೆ ಕೋಳಿ ಕೂಗುತ್ತಿತ್ತು,
ಒಬ್ಬಳು ಪಾಠದ ನಡುವೆ ಎದ್ದುಹೋಗಿ
ಹಾಲು ಇಳಿಸಿ ಬಂದಳು.
ಫೀಸು ಕೇಳಿದವರಿಲ್ಲ.

ಮೂರು ವರ್ಷ ಉಂಡ ಮೇಲೆ
ತಟ್ಟೆ ತೊಳೆಯದೆ ಏಳುವುದು ಹೇಗೆ?
ನಾನೂ ಕನ್ನಡದಲ್ಲಿ ಪಾಠ ಮಾಡಿ ಹಂಚಿದೆ, ಎಂಟು.
ಏಳನೆಯದು ಲೂಪು. ಉದಾಹರಣೆಗೆ ನಮ್ಮ ಬೊಳಕ:

ಒಂಟಿ ಬಿದಿರಿನ ಏಣಿ ಮರಕ್ಕೆ ಒರಗಿಸು,
ಹತ್ತು, ಮೆಣಸು ಕೊಯ್ಯಿ, ಇಳಿ,
ಮುಂದಿನ ಮರಕ್ಕೆ ಹೋಗು.
ಮರ ಮುಗಿಯುವವರೆಗೆ ಇಷ್ಟೇ.
ಮರಗಳನ್ನು ಸೊನ್ನೆಯಿಂದ ಎಣಿಸಬೇಕು ಎಂದಾಗ
ಬೊಳಕ ನಕ್ಕಿದ್ದ:
"ಸೊನ್ನೆಯ ಮರಕ್ಕೆ ಕೂಲಿ ಉಂಟಾ?"

ಹನ್ನೊಂದನೇ ದಿನ ಕಂಪ್ಲಿಯ ಶಿವಲೀಲಾ ಅಂತೆ,
ಡಿಪ್ಲೊಮಾ ಎರಡನೇ ವರ್ಷ, ಬರೆದಳು:
"ಅಣ್ಣಾರ, ಹದಿನಾಲ್ಕನೇ ಸಾಲು ನೋಡ್ರಿ.
ಮರದ ನಂಬರಿಗೆ ಒಂದು ಕೂಡಸೋದು ಮರ್ತೀರಿ.
ನಿಮ್ಮ ಬೊಳಕ ರಾತ್ರಿಯಿಂದ
ಅದೇ ಮರ ಹತ್ತಾಕತ್ಯಾನ, ಇಳಿಯಾಕತ್ಯಾನ.
ನನ್ನ ಲ್ಯಾಪ್‌ಟಾಪ್ ಕಾದು ಹಂಚು ಆಗೇತಿ."

ಕಿವಿ ಬಿಸಿಯಾಯಿತು. ಮುನ್ನೂರ ಆರು ಜನ ನೋಡಿದ್ದಾರೆ.
ಮುನ್ನೂರ ಆರು ಕಡೆ ಬೊಳಕ
ಸೊನ್ನೆಯ ಮರದಲ್ಲೇ ಬೆವರುತ್ತಿದ್ದಾನೆ.
ಅಳಿಸಬಹುದಿತ್ತು. ತೋಟದ ಪುಸ್ತಕದಲ್ಲಾದರೆ
ವೈಟ್ನರ್ ಹಚ್ಚಿ, ಊದಿ,
ಒಣಗಿದ ಮೇಲೆ ಬರೆದುಬಿಡುತ್ತೇನೆ.
ಇಲ್ಲಿ ಯಾಕೋ ಕೈ ಬರಲಿಲ್ಲ.
ತಪ್ಪನ್ನು ಹಾಗೇ ಬಿಟ್ಟು
ಕೆಳಗೆ ಅವಳ ಸಾಲು ಸೇರಿಸಿದೆ, ಪಕ್ಕದಲ್ಲಿ ಅವಳ ಹೆಸರು.

ಸಂಜೆ ತೂಕದ ಹೊತ್ತಿಗೆ ಬೊಳಕನಿಗೆ ಹೇಳಿದೆ,
ಮರದಿಂದ ನಿನ್ನನ್ನು ಇಳಿಸಿದ್ದು ಕಂಪ್ಲಿಯ ಹುಡುಗಿ ಅಂತ.
ಚೀಲ ತಕ್ಕಡಿಗೆ ಹಾಕಿ ಕೇಳಿದ:
"ಆ ಹುಡುಗಿಗೆ ಎಷ್ಟು ಕೊಟ್ರಿ?"
ಏನಿಲ್ಲ.
"ಅವಳು ನಿಮಗೆ?"
ಏನಿಲ್ಲ, ಅದು ಹಾಗೇ.
ತಲೆಯ ಟವೆಲ್ಲು ಬಿಚ್ಚಿ ಕೊಡವಿದ.
ಇರುವೆ ಉದುರಿದವು, ಒಂದೆರಡು ಮೆಣಸಿನ ಕಾಳು.
"ಒಂದು ರಾತ್ರಿ ಪೂರ್ತಿ ಹತ್ತಿ ಇಳಿದ ನನಗೆ?"

ಮುಳ್ಳು ಇನ್ನೂ ಅಲುಗುತ್ತಿತ್ತು.
ನಿಂತದ್ದನ್ನು ನಿಂತಷ್ಟೇ ಬರೆದೆ.
ಚೀಲದ ತೂಕ ಕಳೆಯುವುದನ್ನು
ಅವತ್ತು ಮರೆತೆ.

ಇದನ್ನು ಯಾರೂ ತಿದ್ದಿಲ್ಲ.